ಗಿಡ್ಡ ಭತ್ತದ ಕಥೆ ಮತ್ತು ನಾನು ಅರ್ಧಕ್ಕೆ ನಿಲ್ಲಿಸಿದ ಪಾಠ



ಸಸ್ಯಗಳ ಹಾರ್ಮೋನುಗಳ ಪಾಠವನ್ನು ಎಷ್ಟು ತರಗತಿಗಳಿಗೆ ಮಾಡಿದೆನೋ ಲೆಕ್ಕವಿಲ್ಲ. ‘ಜಿಬ್ಬರೆಲಿನ್ ಕಾಂಡದ ಬೆಳವಣಿಗೆಗೆ ಸಹಾಯ ಮಾಡುತ್ತದೆ’ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ, ನೀವು ಬರೆದುಕೊಳ್ಳುತ್ತಿದ್ದಿರಿ. ಒಂದು ವರ್ಷ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಹಾಯ ಎಂದರೆ ಏನು ಮಾಡುತ್ತದೆ ಸರ್?” ಎಂದು ಕೇಳಿದಳು. “ಪರೀಕ್ಷೆಗೆ ಇಷ್ಟು ಸಾಕು” ಎಂದು ಕುಳ್ಳಿರಿಸಿದೆ. ನಿಜವೆಂದರೆ, ನನಗೆ ಉತ್ತರ ಗೊತ್ತಿರಲಿಲ್ಲ. ನಿವೃತ್ತಿಯ ನಂತರ ಓದಿ ತಿಳಿದುಕೊಂಡೆ. ಆ ಉತ್ತರದ ಒಂದು ತುದಿ ನಮ್ಮ ಗದ್ದೆಯಲ್ಲಿಯೇ ಇತ್ತು.

ನನ್ನ ಬಾಲ್ಯದಲ್ಲಿ ಸಂತೆಕಟ್ಟೆಯ ಆಸುಪಾಸಿನಲ್ಲಿ, ಸ್ವರ್ಣಾ ನದಿಯ ಬದಿಯ ಬಯಲುಗಳಲ್ಲಿ ಏಣೆಲು ಬೆಳೆಯ ಭತ್ತ ಎದೆಯೆತ್ತರಕ್ಕೆ ಬೆಳೆಯುತ್ತಿತ್ತು. ಕನ್ಯಾ ತಿಂಗಳಲ್ಲಿ ತೆನೆ ತುಂಬುವ ಹೊತ್ತಿಗೆ ಒಂದು ಗಾಳಿಮಳೆ ಬಂತೆಂದರೆ ಇಡೀ ಗದ್ದೆ ಚಾಪೆ ಹಾಸಿದಂತೆ ಮಲಗುತ್ತಿತ್ತು. ಗೊಬ್ಬರ ಹೆಚ್ಚು ಹಾಕಿದಷ್ಟೂ ಪೈರು ಉದ್ದವಾಗಿ, ಇನ್ನೂ ಬೇಗ ಮಲಗುತ್ತಿತ್ತು. ಆಗ ಬಂದದ್ದು ಗಿಡ್ಡ ಭತ್ತ. ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಬಿಡುಗಡೆ ಮಾಡಿದ ಐಆರ್ 8, ಭಾರತದಲ್ಲಿಯೇ ರೂಪುಗೊಂಡು 1968ರಲ್ಲಿ ಬಿಡುಗಡೆಯಾದ ಜಯ. ಗೊಬ್ಬರ ಹಾಕಿದರೂ ಅವು ಬೀಳದೆ ನಿಂತವು. “ಅಕ್ಕಿ ಬಿಳಿ, ಗಂಜಿಗೆ ರುಚಿಯಿಲ್ಲ, ದನಗಳಿಗೆ ಹುಲ್ಲೂ ಸಾಲದು” ಎಂದು ಅಜ್ಜಿ ಗೊಣಗುತ್ತಿದ್ದರು. ಆದರೆ ಆ ವರ್ಷ ಕಣಜ ತುಂಬಿತ್ತೆಂಬುದನ್ನು ಅವರೂ ಅಲ್ಲಗಳೆಯಲಿಲ್ಲ. ಭತ್ತ ಗಿಡ್ಡವಾದದ್ದೇಕೆ ಎಂದು ನಾವು ಯಾರೂ ಕೇಳಲಿಲ್ಲ.

ಈ ಪ್ರಶ್ನೆಯ ಚರಿತ್ರೆ ಆರಂಭವಾಗುವುದು ತದ್ವಿರುದ್ಧವಾದ ಒಂದು ರೋಗದಿಂದ. ಜಪಾನಿನ ರೈತರ ಸಸಿಮಡಿಗಳಲ್ಲಿ ಕೆಲವು ಸಸಿಗಳು ತೆಳ್ಳಗೆ, ಬಿಳಿಚಿಕೊಂಡು, ಉಳಿದವುಗಳನ್ನು ಮೀರಿ ಉದ್ದವಾಗಿ ಬೆಳೆದು ಕೊನೆಗೆ ಸಾಯುತ್ತಿದ್ದವು. ಅವರು ಅದನ್ನು ‘ಬಕಾನೆ’, ಅಂದರೆ ಪೆದ್ದು ಸಸಿ, ಎಂದು ಕರೆದರು. ಈ ರೋಗದ ಶಿಲೀಂಧ್ರ ಸ್ರವಿಸುವ ವಸ್ತುವೇ ಸಸಿಯನ್ನು ಉದ್ದವಾಗಿಸುತ್ತದೆ ಎಂದು 1926ರಲ್ಲಿ ಕುರೊಸಾವಾ ತೋರಿಸಿದರು. 1935ರಲ್ಲಿ ಯಬುಟಾ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಇದೇ ವಸ್ತುವನ್ನು ಗಿಡಗಳು ತಾವೇ ತಯಾರಿಸಿಕೊಳ್ಳುತ್ತವೆ ಎಂಬುದು ಆಮೇಲೆ ತಿಳಿಯಿತು. ನನ್ನ ಪಾಠ ಇಲ್ಲಿಗೆ ಮುಗಿಯುತ್ತಿತ್ತು.

ಮುಂದಿನದ್ದೇ ಮುಖ್ಯ. ಭತ್ತದ ಜೀವಕೋಶದಲ್ಲಿ ಎಸ್‌ಎಲ್‌ಆರ್1 ಎಂಬ ಪ್ರೋಟೀನು ಕಾವಲುಗಾರನಂತೆ ಕುಳಿತು ಬೆಳವಣಿಗೆಯನ್ನು ತಡೆಹಿಡಿದಿರುತ್ತದೆ. ಜಿಬ್ಬರೆಲಿನ್ ಬೆಳವಣಿಗೆಯನ್ನು ನೇರವಾಗಿ ಹುಟ್ಟಿಸುವುದಿಲ್ಲ, ಈ ಕಾವಲುಗಾರನನ್ನು ತೊಲಗಿಸುತ್ತದೆ. ಹಾರ್ಮೋನು ಮೊದಲು ಜಿಐಡಿ1 ಎಂಬ ಗ್ರಾಹಕ ಪ್ರೋಟೀನಿನೊಳಗೆ ಸೇರಿಕೊಳ್ಳುತ್ತದೆ. ಆಗ ಆ ಗ್ರಾಹಕ ಎಸ್‌ಎಲ್‌ಆರ್1ನ್ನು ಹಿಡಿದುಕೊಳ್ಳುತ್ತದೆ. ಜಿಐಡಿ2 ಇರುವ ಮತ್ತೊಂದು ಗುಂಪು ಬಂದು ಅದಕ್ಕೆ ‘ಯುಬಿಕ್ವಿಟಿನ್’ ಎಂಬ ಚೀಟಿಗಳನ್ನು ಸಾಲಾಗಿ ಅಂಟಿಸುತ್ತದೆ. ಚೀಟಿ ಬಿದ್ದ ಪ್ರೋಟೀನನ್ನು ‘ಪ್ರೋಟಿಯಸೋಮ್’ ಎಂಬ ಯಂತ್ರ ಚೂರುಚೂರು ಮಾಡುತ್ತದೆ. ತಡೆ ಹೋಯಿತು, ಕಾಂಡ ಬೆಳೆಯಿತು. ಗದ್ದೆಯ ಅಂಚಿನ ಕಂಡಿಗೆ ಮುಚ್ಚಿದ ಮಣ್ಣನ್ನು ತೆಗೆದರೆ ನೀರು ತಾನಾಗಿ ಹರಿಯುತ್ತದಲ್ಲವೇ, ಹಾಗೆ.

ಈ ಚೀಟಿಯ ವ್ಯವಸ್ಥೆಯನ್ನು ಕಂಡುಹಿಡಿದ ಸೀಹನೋವರ್, ಹರ್ಷ್ಕೊ ಮತ್ತು ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು. ಮರುವರ್ಷವೇ, 2005ರಲ್ಲಿ, ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ ಭತ್ತದಲ್ಲಿ ಜಿಐಡಿ1ನ್ನು ಗುರುತಿಸಿತು. ಆಕ್ಸಿನ್ ಕೂಡ ಇದೇ ರೀತಿ ತಡೆಪ್ರೋಟೀನುಗಳನ್ನು ನಾಶಮಾಡಿಸಿ ಕೆಲಸ ಮಾಡುತ್ತದೆ. ಅದರ ಗ್ರಾಹಕ ಟಿಐಆರ್1 ಪತ್ತೆಯಾದದ್ದೂ ಅದೇ ವರ್ಷ. ನಾನಾಗ ತರಗತಿಯಲ್ಲಿ ಹಳೆಯ ವಾಕ್ಯವನ್ನೇ ಬರೆಸುತ್ತಿದ್ದೆ!

ಇನ್ನು ನಮ್ಮ ಗಿಡ್ಡ ಭತ್ತ. ಐಆರ್ 8ರ ಗಿಡ್ಡತನ ತೈವಾನಿನ ‘ಡೀ-ಜಿಯೋ-ವೂ-ಜೆನ್’ ತಳಿಯಿಂದ ಬಂದದ್ದು. ಅದರಲ್ಲಿ ಜಿಬ್ಬರೆಲಿನ್ ತಯಾರಿಸುವ ಒಂದು ಕಿಣ್ವದ ಜೀನು ಕೆಟ್ಟಿದೆ ಎಂದು 2002ರಲ್ಲಿ ತಿಳಿಯಿತು. ಹಾರ್ಮೋನು ಕಡಿಮೆ, ಆದ್ದರಿಂದ ಕಾವಲುಗಾರ ಉಳಿಯುತ್ತಾನೆ, ಪೈರು ಕುಳ್ಳಾಗುತ್ತದೆ. ಹಸಿರು ಕ್ರಾಂತಿಯ ಗೋಧಿಯದು ಬೇರೆ ದಾರಿ. ಅಲ್ಲಿ ಹಾರ್ಮೋನಿಗೆ ಕೊರತೆಯಿಲ್ಲ, ಕಾವಲುಗಾರನೇ ಚೀಟಿಗೆ ಸಿಕ್ಕದಂತೆ ಬದಲಾಗಿದ್ದಾನೆ. ಇದು 1999ರಲ್ಲಿ ತಿಳಿಯಿತು. ದಾರಿ ಎರಡು, ಫಲ ಒಂದೇ. ತಳಿ ಬೆಳೆಸಿದವರಿಗೆ ಈ ಒಳಗುಟ್ಟು ಗೊತ್ತಿರಲಿಲ್ಲ. ಕಣ್ಣಿಗೆ ಕಂಡ ಗಿಡ್ಡ ಪೈರನ್ನು ಅವರು ಆರಿಸಿದರು, ಕಾರಣ ತಿಳಿಯಲು ಮೂವತ್ತು ವರ್ಷಗಳಿಗೂ ಮಿಗಿಲಾದ ಕಾಲ ಬೇಕಾಯಿತು.

ಇಂದು ನಮ್ಮ ಬಯಲುಗಳಲ್ಲಿ ಕೇರಳದ ಮಂಕೊಂಬಿನಿಂದ ಬಂದ ಎಂಒ4 ಹೆಚ್ಚು. ಅದರ ಅಕ್ಕಿ ಕೆಂಪು, ಅಜ್ಜಿ ಇದ್ದಿದ್ದರೆ ಒಪ್ಪುತ್ತಿದ್ದರು. ಐಆರ್ 8 ಅದರ ಹೆತ್ತ ತಳಿಗಳಲ್ಲೊಂದು.

ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ ತಿಳಿಯದು. ಇದನ್ನು ಓದುತ್ತಿದ್ದರೆ ಅವಳಿಗೆ ಒಂದು ಮಾತು: ನಿನ್ನ ಪ್ರಶ್ನೆ ಸರಿಯಾಗಿತ್ತಮ್ಮ. ಜಗತ್ತಿನ ದೊಡ್ಡ ಪ್ರಯೋಗಾಲಯಗಳಲ್ಲಿಯೂ ಜನರು ಅದನ್ನೇ ಕೇಳುತ್ತಿದ್ದರು. “ನನಗೆ ಗೊತ್ತಿಲ್ಲ, ಹುಡುಕೋಣ” ಎಂದು ಹೇಳಬೇಕಾಗಿದ್ದವನು ನಾನು. ನಿಮ್ಮಲ್ಲಿ ಶಿಕ್ಷಕರಾಗಿರುವವರು ಹಲವರಿದ್ದೀರಿ. ನೀವಾದರೂ ಯಾವ ಮಗುವನ್ನೂ ಹಾಗೆ ಕುಳ್ಳಿರಿಸಬೇಡಿ.