ಓಡುವ ಡಿಸ್ಕು, ಉಳಿಯುವ ಡಿಸ್ಕು

1990ರ ದಶಕದ ಆರಂಭದಲ್ಲಿ ಕಂಪ್ಯೂಟರಿನಲ್ಲಿ ವಿಡಿಯೊ ಎಡಿಟ್ ಮಾಡುತ್ತಿದ್ದವರನ್ನು ಒಂದು ಕಾಟ ಬಿಡದೆ ಕಾಡುತ್ತಿತ್ತು. ಸರಾಗವಾಗಿ ಓಡುತ್ತಿದ್ದ ಚಿತ್ರ ಇದ್ದಕ್ಕಿದ್ದಂತೆ ಅರೆಗಳಿಗೆ ನಿಂತು, ಕೆಲವು ಫ್ರೇಮ್‌ಗಳನ್ನು ನುಂಗಿ ಮತ್ತೆ ಓಡುತ್ತಿತ್ತು. ಹಾರ್ಡ್ ಡಿಸ್ಕ್ ಕೆಟ್ಟಿರಲಿಲ್ಲ. ಅದು ತನ್ನ ಕೆಲಸವನ್ನು ನಿಷ್ಠೆಯಿಂದಲೇ ಮಾಡುತ್ತಿತ್ತು. ಬಿಸಿಯಾದಾಗ ಒಳಗಿನ ತಟ್ಟೆ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಓದುವ-ಬರೆಯುವ ಹೆಡ್ ತನ್ನ ಜಾಡು ತಪ್ಪದಿರಲೆಂದು ಡಿಸ್ಕ್ ಆಗಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಅಳತೆ ಸರಿಮಾಡಿಕೊಳ್ಳುತ್ತಿತ್ತು. ಥರ್ಮಲ್ ರೀಕ್ಯಾಲಿಬ್ರೇಶನ್ ಎನ್ನುತ್ತಿದ್ದುದು ಇದಕ್ಕೇ. ಲೆಕ್ಕಪತ್ರ ಟೈಪ್ ಮಾಡುವವರಿಗೆ ಆ ಅರೆಗಳಿಗೆ ಗೊತ್ತೇ ಆಗುತ್ತಿರಲಿಲ್ಲ. ಸೆಕೆಂಡಿಗೆ 25 ಫ್ರೇಮ್ ಬೇಕೇ ಬೇಕೆನ್ನುವ ವಿಡಿಯೊಗೆ ಅದು ಹಳ್ಳದಂತೆ. ಕೊನೆಗೆ ಮೈಕ್ರೊಪೊಲಿಸ್‌ನಂಥ ತಯಾರಕರು, ದತ್ತಾಂಶ ಹರಿಯುವಾಗ ಈ ಅಳತೆಯ ಕೆಲಸವನ್ನು ಮುಂದೂಡುವ 'ಎವಿ' ಡಿಸ್ಕ್‌ಗಳನ್ನೇ ಬೇರೆಯಾಗಿ ಮಾರತೊಡಗಿದರು.

ಈ ಹಳೆಯ ಸಂಗತಿಯಿಂದ ಹೊರಡಲು ಕಾರಣವಿದೆ. ಡಿಸ್ಕ್ ಕೊಳ್ಳುವಾಗ ನಾವು ಮೊದಲು ಕೇಳುವುದು 'ಸ್ಪೀಡ್ ಎಷ್ಟು' ಎಂದು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವುದೂ ಅದೇ. ಆದರೆ ವಿಡಿಯೊ ಯಾವ ಕಾಲದಲ್ಲೂ ಗರಿಷ್ಠ ವೇಗ ಕೇಳಿದ್ದಲ್ಲ, ತನಗೆ ಬೇಕಾದಷ್ಟು ವೇಗ ಕಡಿಯದೆ ಬರಲಿ ಎಂದು ಕೇಳಿದ್ದು. ಕಡಿಯದೆ ಬರುವ ವೇಗವೇ ಒಂದು ಬಗೆಯ ಭರವಸೆ. ಮೂರೂವರೆ ದಶಕದ ಈ ಚರಿತ್ರೆಯನ್ನು ಹಾಗೆ ನೋಡಿದರೆ ಮಾತ್ರ ಅರ್ಥವಾಗುತ್ತದೆ.

1989ರಲ್ಲಿ ಅವಿಡ್ ಸಂಸ್ಥೆ ಮ್ಯಾಕಿಂಟಾಷ್ ಮೇಲೆ ನಡೆಯುವ ಮೀಡಿಯಾ ಕಂಪೋಸರ್ ತಂದಾಗ ಡಿಸ್ಕ್‌ಗಳ ಶಕ್ತಿ ಅಷ್ಟಕ್ಕಷ್ಟೆ. ಟಿವಿ ಗುಣಮಟ್ಟದ ಚಿತ್ರವನ್ನು ಕುಗ್ಗಿಸದೆ ಇಟ್ಟರೆ ಸೆಕೆಂಡಿಗೆ ಸುಮಾರು 20 ಮೆಗಾಬೈಟ್ ಬೇಕು. ಅಂದಿನ ಯಾವ ಒಂಟಿ ಡಿಸ್ಕಿಗೂ ಅದು ಎಟುಕುತ್ತಿರಲಿಲ್ಲ. ಹಾಗಾಗಿ ಚಿತ್ರವನ್ನು ಮಸುಕಾಗುವಷ್ಟು ಕುಗ್ಗಿಸಿ, ಅದರ ಮೇಲೆ ಕತ್ತರಿ ಆಡಿಸಿ, ಕೊನೆಗೆ ಮೂಲ ಟೇಪಿನಿಂದಲೇ ಕಾರ್ಯಕ್ರಮವನ್ನು ಮತ್ತೆ ಕಟ್ಟುತ್ತಿದ್ದರು. ಟೇಪ್ ಕಪಾಟಿನಲ್ಲಿ ಭದ್ರವಾಗಿದ್ದುದರಿಂದ ಡಿಸ್ಕ್ ಸತ್ತರೆ ಹೋಗುತ್ತಿದ್ದುದು ಕೆಲವು ದಿನದ ದುಡಿಮೆ ಮಾತ್ರ.

ವೇಗಕ್ಕೆ ಎರಡು ದಾರಿ ತೆರೆದವು. ಒಂದು, ತಟ್ಟೆಯನ್ನು ಜೋರಾಗಿ ತಿರುಗಿಸುವುದು. 1992ರಲ್ಲಿ ಸೀಗೇಟ್‌ನ ಬ್ಯಾರಕುಡ ನಿಮಿಷಕ್ಕೆ 7,200 ಸುತ್ತು ಮುಟ್ಟಿತು. 1996ರಲ್ಲಿ ಚೀಟಾ 10,000 ಸುತ್ತು, 2000ದಲ್ಲಿ ಅದರ ಎಕ್ಸ್15 ಮಾದರಿ 15,000 ಸುತ್ತು. ತಿರುಗುವ ವೇಗ ಏರಿದಂತೆ ಗಾಳಿಯ ತಿಕ್ಕಾಟ, ಶಾಖ, ಸದ್ದು ಎಲ್ಲವೂ ಏರಿದವು. ಅದನ್ನು ತಡೆಯಲು ತಟ್ಟೆಗಳನ್ನು ಚಿಕ್ಕದು ಮಾಡಬೇಕಾಯಿತು, ಹಿಡಿಸುವ ಜಾಗ ಕಡಿಮೆಯಾಯಿತು, ಬೆಲೆ ಗಗನಕ್ಕೇರಿತು.

ಇನ್ನೊಂದು ದಾರಿ ಹಲವು ಡಿಸ್ಕ್‌ಗಳಿಗೆ ಒಂದೇ ನೊಗ ಹೂಡುವುದು. ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ 1988ರಲ್ಲಿ ಬರೆದ ಪ್ರಬಂಧ ಇದಕ್ಕೆ ರೇಡ್ ಎಂಬ ಹೆಸರು ಕೊಟ್ಟಿತು. ಅಗ್ಗದ ಡಿಸ್ಕ್‌ಗಳನ್ನು ಕೂಡಿಸಿ ವೇಗ ಪಡೆಯುವುದು, ಒಂದು ಸತ್ತರೆ ಉಳಿದವು ಕೈಹಿಡಿಯುವಂತೆ ಹೆಚ್ಚುವರಿ ಮಾಹಿತಿ ಇಡುವುದು ಅವರ ಯೋಚನೆ. ಎಡಿಟಿಂಗ್ ಕೋಣೆಗಳು ಮೊದಲರ್ಧವನ್ನು ಮಾತ್ರ ತೆಗೆದುಕೊಂಡವು. ರೇಡ್-0 ಎಂಬ ಜೋಡಣೆಯಲ್ಲಿ ವೇಗವಿದೆ, ರಕ್ಷಣೆ ಇಲ್ಲ. ಲೆಕ್ಕ ಹಾಕಿ: ಒಂದು ಡಿಸ್ಕ್ ವರ್ಷದೊಳಗೆ ಕೆಡುವ ಸಂಭವ ನೂರಕ್ಕೆ 3 ಇದ್ದರೆ, ನಾಲ್ಕು ಡಿಸ್ಕಿನ ರೇಡ್-0 ಸಾಯುವ ಸಂಭವ ನೂರಕ್ಕೆ 11ಕ್ಕೂ ಹೆಚ್ಚು. ನಾಲ್ಕರಲ್ಲಿ ಯಾವುದೊಂದು ಹೋದರೂ ಎಲ್ಲವೂ ಹೋಯಿತು.

1995ರಲ್ಲಿ ಬಂದ ಡಿವಿ ಕ್ಯಾಸೆಟ್ ಈ ಒತ್ತಡವನ್ನು ಕೆಲಕಾಲ ಇಳಿಸಿತು. ಅದಕ್ಕೆ ಸೆಕೆಂಡಿಗೆ 3.6 ಮೆಗಾಬೈಟ್ ಸಾಕು. ಒಂದು ಗಂಟೆಯ ಚಿತ್ರ 13 ಗಿಗಾಬೈಟಿನಲ್ಲಿ ಮುಗಿಯುತ್ತಿತ್ತು. ಸಾಮಾನ್ಯ ಪಿಸಿಯ ಡಿಸ್ಕೂ ಅದನ್ನು ಹೊರುವಷ್ಟು ಬೆಳೆಯಿತು. ಮದುವೆ ವಿಡಿಯೊದವರ ಕೋಣೆಗೆ ಕಂಪ್ಯೂಟರ್ ಬಂದುದು ಹೀಗೆ.

ನಿಜವಾದ ತಿರುವು ಅದರ ನಂತರದ್ದು. ಕ್ಯಾಮೆರಾಗಳು ಟೇಪ್ ಬಿಟ್ಟು ಮೆಮೊರಿ ಕಾರ್ಡ್ ಹಿಡಿದವು. ಕಾರ್ಡ್ ದುಬಾರಿ, ಅದನ್ನು ಡಿಸ್ಕಿಗೆ ಇಳಿಸಿ, ಅಳಿಸಿ, ಮತ್ತೆ ಬಳಸಲೇಬೇಕು. ಕಪಾಟಿನಲ್ಲಿ ತನ್ನಷ್ಟಕ್ಕೇ ಉಳಿಯುತ್ತಿದ್ದ ಮೂಲ ಪ್ರತಿ ಎಂಬುದೇ ಇಲ್ಲವಾಯಿತು. ಅದುವರೆಗೆ ಕೆಲಸದ ಮೇಜಾಗಿದ್ದ ಡಿಸ್ಕ್, ಯಾರೂ ಯೋಚಿಸದೆ, ಭಂಡಾರವೂ ಆಗಿಬಿಟ್ಟಿತು. ಅದರ ಏಟು ನನಗೂ ಬಿದ್ದಿದೆ. ಹಾಸನದ ಕಡೆಯ ಒಂದು ಮದುವೆಯ ಚಿತ್ರಣವನ್ನು ಒಂದೇ ಪೋರ್ಟಬಲ್ ಡಿಸ್ಕಿಗೆ ಇಳಿಸಿ, ರಾತ್ರಿಯೇ ಕಾರ್ಡ್ ಅಳಿಸಿದ್ದೆ. ಮೂರನೆಯ ದಿನ ಡಿಸ್ಕ್ 'ಟಕ್… ಟಕ್… ಟಕ್' ಎನ್ನತೊಡಗಿತು. ಹೆಡ್ ತನ್ನ ಜಾಡು ಹುಡುಕಿ ಸೋತು ಹಿಂದಕ್ಕೆ ಬಡಿದುಕೊಳ್ಳುವ ಸದ್ದದು. ಧಾರೆಯ ಚಿತ್ರಣ ಸಿಗಲಿಲ್ಲ. ಹುಡುಗಿಯ ತಂದೆ ಬೈಯಲಿಲ್ಲ, 'ಇನ್ನೊಂದು ಕಡೆ ಇಟ್ಟಿರಲಿಲ್ವಾ?' ಎಂದಷ್ಟೇ ಕೇಳಿದರು. ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ.

ದುಬಾರಿ ಡಿಸ್ಕ್ ಕೊಂಡಿದ್ದರೆ ಉಳಿಯುತ್ತಿತ್ತೇ? 2007ರಲ್ಲಿ ಬಂದ ಎರಡು ಅಧ್ಯಯನಗಳು ಈ ಕ್ಷೇತ್ರದ ನಂಬಿಕೆಗಳನ್ನೇ ಅಲುಗಿಸಿದವು. ಕಾರ್ನೆಗಿ ಮೆಲನ್‌ನ ಬಿಯಾಂಕಾ ಶ್ರೋಡರ್ ಹಾಗೂ ಅದೇ ಗಾರ್ತ್ ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆ ನೋಡಿದರು. ತಯಾರಕರ ಕಾಗದದ ಪ್ರಕಾರ ವರ್ಷಕ್ಕೆ ನೂರಕ್ಕೆ 0.88ಕ್ಕಿಂತ ಹೆಚ್ಚು ಕೆಡಬಾರದಿತ್ತು. ವಾಸ್ತವದಲ್ಲಿ ಬದಲಿಸಬೇಕಾಗಿದ್ದುದು ಸಾಮಾನ್ಯವಾಗಿ ನೂರಕ್ಕೆ 2ರಿಂದ 4, ಕೆಲವೆಡೆ 13ರವರೆಗೆ. ವೇಗದ, ದುಬಾರಿ ಸ್ಕಸಿ ಡಿಸ್ಕ್‌ಗಳು ಅಗ್ಗದ ಸಾಟಾ ಡಿಸ್ಕ್‌ಗಳಿಗಿಂತ ಹೆಚ್ಚು ಬಾಳುತ್ತವೆ ಎಂಬುದಕ್ಕೂ ಅಲ್ಲಿ ಪುರಾವೆ ಸಿಗಲಿಲ್ಲ. ಗೂಗಲ್‌ನವರ ಅಧ್ಯಯನ ಇನ್ನೂ ಕಟುವಾದ ಮಾತು ಹೇಳಿತು: ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್ ಎಂಬ ಸ್ವಯಂ ತಪಾಸಣೆಯ ಮುಖ್ಯ ಸೂಚಕಗಳಲ್ಲಿ ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಹೆಚ್ಚು ಹಣ ಕೊಟ್ಟು ವೇಗ ಕೊಳ್ಳಬಹುದು. ಆಯುಸ್ಸು ಅದರ ಜೊತೆಗೆ ಬರಲೇಬೇಕೆಂದಿಲ್ಲ ಎಂಬುದು ಆ ವರ್ಷ ಅಂಕಿ ಸಮೇತ ಕಂಡಿತು.

ಅಷ್ಟರಲ್ಲಿ ತಟ್ಟೆಯೇ ಇಲ್ಲದ ಡಿಸ್ಕ್ ಬಂತು. ತೋಷಿಬಾದ ಫುಜಿಯೊ ಮಸುಒಕ 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಮೆಮೊರಿ ಎಸ್‌ಎಸ್‌ಡಿಯಾಗಿ ಎಡಿಟಿಂಗ್ ಮೇಜಿಗೇರಿತು. ಸಾಟಾ ತಂತಿಯ ಮೇಲೆ ಸೆಕೆಂಡಿಗೆ 500 ಮೆಗಾಬೈಟ್ ದಾಟಿದ ವೇಗ, ಎನ್‌ವಿಎಂಇ ಎಂಬ ಹೊಸ ಸಂಪರ್ಕ ಬಂದ ಮೇಲೆ 7,000ಕ್ಕೆ ಹಾರಿತು. ನಮಗೆ ಬೇಕಿರುವುದೆಷ್ಟು? ಪ್ರೊರೆಸ್ 422 ಎಚ್‌ಕ್ಯೂ ರೂಪದ 4ಕೆ ಚಿತ್ರಕ್ಕೆ ಸೆಕೆಂಡಿಗೆ 92 ಮೆಗಾಬೈಟ್. ಒಂದೇ ಕ್ಯಾಮೆರಾದ ಓಟವನ್ನು ಇವತ್ತಿನ ಒಳ್ಳೆಯ ಹಾರ್ಡ್ ಡಿಸ್ಕೂ ತಾಳುತ್ತದೆ. ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡಿಸಿದರೆ ಹೆಡ್ ಅಲ್ಲಿಂದಿಲ್ಲಿಗೆ ಜಿಗಿಯುತ್ತ ಸುಸ್ತಾಗುತ್ತದೆ. ಡಿಸ್ಕ್ ತುಂಬುತ್ತ ಬಂದಂತೆ, ಅಂದರೆ ತಟ್ಟೆಯ ಒಳಸುತ್ತಿಗೆ ಸರಿದಂತೆ, ವೇಗ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಎಸ್‌ಎಸ್‌ಡಿಗೆ ಈ ಎರಡೂ ತೊಂದರೆಯಿಲ್ಲ.

ಹಳೆಯ ಹಳ್ಳ ಮಾತ್ರ ಬೇರೆ ವೇಷದಲ್ಲಿ ಮರಳಿತು. ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿಯಲ್ಲಿ ಒಂದೊಂದು ಕೋಶದಲ್ಲೂ 16 ಮಟ್ಟದ ವಿದ್ಯುದಂಶವನ್ನು ಬೇರ್ಪಡಿಸಿ ಇಡಬೇಕು, ಬರೆಯುವುದು ನಿಧಾನ. ಅದನ್ನು ಮರೆಮಾಡಲು ಒಂದು ಭಾಗವನ್ನು ವೇಗದ ಕ್ಯಾಶೆಯಾಗಿ ಬಳಸುತ್ತಾರೆ. ಡಬ್ಬಿಯ ಮೇಲಿನ ಸಂಖ್ಯೆ ಆ ಕ್ಯಾಶೆಯದು. ಕಾರ್ಡಿನಿಂದ 300 ಗಿಗಾಬೈಟ್ ಇಳಿಸುವಾಗ ಅದು ಅರ್ಧದಾರಿಯಲ್ಲಿ ತುಂಬಿದರೆ, ಕೆಲವು ಡ್ರೈವ್‌ಗಳು ಹಾರ್ಡ್ ಡಿಸ್ಕಿಗಿಂತಲೂ ಕೆಳಕ್ಕೆ ಬೀಳುತ್ತವೆ. ಶಾಖದ ಕಥೆಯೂ ಅದೇ: ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ, ಕಾರಿನ ಸೀಟಿನ ಮೇಲೆ ಕಾಪಿ ಹಾಕಲು ಕೂತರೆ, ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ.

ಬಾಳಿಕೆಯ ವಿಷಯಕ್ಕೆ ಶ್ರೋಡರ್ ಮತ್ತೆ ಬರುತ್ತಾರೆ. ಗೂಗಲ್‌ನ ಎಸ್‌ಎಸ್‌ಡಿಗಳ ಬಗ್ಗೆ 2016ರಲ್ಲಿ ಅವರು ಇಬ್ಬರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ಎಸ್‌ಎಸ್‌ಡಿಗಳನ್ನು ಬದಲಿಸಬೇಕಾದ ಪ್ರಮಾಣ ಹಾರ್ಡ್ ಡಿಸ್ಕಿಗಿಂತ ಕಡಿಮೆ. ಆದರೆ ಓದಲಾಗದೆ ಹೋದ ದತ್ತಾಂಶದ ತೊಂದರೆ ಹೆಚ್ಚು. ಅಲ್ಲೂ ಕೋಶದಲ್ಲಿ ಕಡಿಮೆ ಮಟ್ಟವಿಡುವ ದುಬಾರಿ ಎಸ್‌ಎಲ್‌ಸಿ, ಹೆಚ್ಚು ಮಟ್ಟವಿಡುವ ಅಗ್ಗದ ಎಂಎಲ್‌ಸಿಗಿಂತ ಹೆಚ್ಚು ಭರವಸೆಯದಾಗಿ ಕಾಣಲಿಲ್ಲ. ಜೊತೆಗೆ, ಬರೆದು ಬರೆದು ಸವೆದ ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ ಕೂತರೆ ಮಾಹಿತಿ ಸೋರಿಹೋಗುತ್ತದೆ. ಗೃಹಬಳಕೆಯ ಡ್ರೈವ್‌ಗೆ ಜೆಡೆಕ್ ಮಾನದಂಡ ಕೇಳುವುದು, ಆಯುಸ್ಸು ತೀರಿದ ಮೇಲೆ 30 ಡಿಗ್ರಿಯಲ್ಲಿ ಒಂದು ವರ್ಷದ ಉಳಿವು ಮಾತ್ರ. ಬೀರುವಿನಲ್ಲಿಟ್ಟು ಮರೆಯುವ ವಸ್ತು ಅದಲ್ಲ. ಅದಕ್ಕೆ ಹಾರ್ಡ್ ಡಿಸ್ಕೇ ಮೇಲು. ದೊಡ್ಡ ಸ್ಟುಡಿಯೊಗಳಿಗೆ 2000ದಲ್ಲಿ 100 ಗಿಗಾಬೈಟಿನಿಂದ ಶುರುವಾಗಿ 2021ರಲ್ಲಿ ಕ್ಯಾಸೆಟ್ಟಿಗೆ 18 ಟೆರಾಬೈಟ್ ಮುಟ್ಟಿದ ಎಲ್‌ಟಿಒ ಟೇಪ್ ಇದೆ.

ಕಾಪಿ ಇದ್ದರಷ್ಟೇ ಸಾಲದು ಎಂಬುದಕ್ಕೆ ಅನಿಮೇಶನ್ ಸಂಸ್ಥೆ ಪಿಕ್ಸಾರ್‌ನ 1998ರ ಘಟನೆ ಸಾಕ್ಷಿ. 'ಟಾಯ್ ಸ್ಟೋರಿ 2' ಚಿತ್ರದ ಬಹುಭಾಗ ಒಂದು ತಪ್ಪು ಆದೇಶದಿಂದ ಅಳಿಸಿಹೋಯಿತು. ಬ್ಯಾಕಪ್ ಇತ್ತು, ತೆರೆದು ನೋಡಿದರೆ ಅದು ಸರಿಯಾಗಿ ಕೆಲಸ ಮಾಡಿರಲಿಲ್ಲ. ಹಸುಗೂಸಿನ ತಾಯಿಯಾಗಿ ಮನೆಯಿಂದ ದುಡಿಯುತ್ತಿದ್ದ ಚಿತ್ರತಂಡದ ಗಾಲಿನ್ ಸುಸ್ಮನ್ ಅವರ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು.

ನನ್ನ ತೀರ್ಮಾನ ಇಷ್ಟು. ಕತ್ತರಿ ಆಡಿಸುವ ಮೇಜಿಗೆ ಕೋಶದಲ್ಲಿ ಕ್ಯೂಎಲ್‌ಸಿಗಿಂತ ಕಡಿಮೆ ಮಟ್ಟವಿಡುವ, ಮಧ್ಯಮ ದರದ ಟಿಎಲ್‌ಸಿ ಎಸ್‌ಎಸ್‌ಡಿ ಸಾಕು; ಸೆಕೆಂಡಿಗೆ 7,000 ಮೆಗಾಬೈಟಿನ ಆಸೆಗೆ ಕೊಡುವ ಹೆಚ್ಚುವರಿ ಹಣದಲ್ಲಿ ಎರಡು ಸಾದಾ ಹಾರ್ಡ್ ಡಿಸ್ಕ್ ಕೊಳ್ಳಿ, ಒಂದನ್ನು ಬೇರೆ ಮನೆಯಲ್ಲಿಡಿ. ಕಾಪಿ ಮಾಡುವಾಗ ಚೆಕ್‌ಸಮ್, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆ, ಹೋಲಿಸುವ ತಂತ್ರಾಂಶವನ್ನೇ ಬಳಸಿ. ಮತ್ತು ದಯವಿಟ್ಟು, ಎರಡನೆಯ ಪ್ರತಿಯನ್ನು ತೆರೆದು, ಓಡಿಸಿ, ಕಣ್ಣಾರೆ ನೋಡುವ ತನಕ ಕಾರ್ಡ್ ಅಳಿಸಬೇಡಿ.