ನಾಲೆಯ ನೀರು, ಕಣದ ಪಾಲು

ಕೃಷ್ಣರಾಜಸಾಗರದ ಜಲವು ಹುಲಿಕೆರೆಯ ಸುರಂಗವನ್ನು ದಾಟಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಇರ್ವಿನ್ ನಾಲೆಯ ಮುಖಾಂತರ ಮಂಡ್ಯ, ಮದ್ದೂರು, ಮಳವಳ್ಳಿಗಳ ರಾಗಿಯ ಹೊಲಗಳಿಗೆ ಹರಿದುಬಂದು, 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯು ಕಬ್ಬಿಗೆ ನಿಶ್ಚಿತವಾದ ಗಿರಾಕಿಯಾದ ಮೇಲೆ, ಮಳೆಯನ್ನೇ ನೆಚ್ಚಿದ್ದ ಈ ಸೀಮೆಗೆ ಸಂಪತ್ತು ಬಂದಿತೆಂಬುದು ನಿರ್ವಿವಾದ. ಆ ಸಂಪತ್ತು ಯಾರಿಗೆ ಸಂದಿತೆಂಬುದನ್ನು 1950ರ ದಶಕದಲ್ಲಿ ಮಂಡ್ಯದ ಹಳ್ಳಿಗಳಲ್ಲಿ ನೆಲಸಿ ಅಭ್ಯಸಿಸಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ತೋರಿಸಿಕೊಟ್ಟರು: ವಂಶಪಾರಂಪರ್ಯವಾಗಿ ದುಡಿಯುತ್ತಿದ್ದ ದಲಿತ ಆಳಿಗೆ ಸುಗ್ಗಿಯ ಕಣದಲ್ಲಿ ಅಳೆದುಕೊಡುತ್ತಿದ್ದ ಧಾನ್ಯದ ಪಾಲು ರೂಢಿಯಿಂದ ನಿಗದಿಯಾದುದಾಗಿದ್ದುದರಿಂದ, ಬೆಳೆಯ ಹೆಚ್ಚಳವು ಭೂಮಿಯುಳ್ಳವರ ಮನೆಯನ್ನೇ ಸೇರಿತು. ಈ ಅನ್ಯಾಯ ನನಗೆ ಬರಗಾಲಕ್ಕಿಂತಲೂ ಕಠೋರವಾಗಿ ತೋರುತ್ತದೆ. ನಾಲೆಯ ಚರಿತ್ರೆಯನ್ನು ಬರೆಯುವವರು ನೀರುಂಡ ಎಕರೆಗಳೊಡನೆ ಆ ಕಣದ ಅಳತೆಯನ್ನೂ ದಾಖಲಿಸಲಿ.