ಬಾಸ್ಟನ್ನಿನ ಗಲ್ಲುಗಂಬ

17ನೆಯ ಶತಮಾನದ ಬಾಸ್ಟನ್ನಿನಲ್ಲಿ ಬಹಿರಂಗ ಮರಣದಂಡನೆಯು ಅಪರಾಧಿಗೆ ವಿಧಿಸಿದ ಶಿಕ್ಷೆಯಷ್ಟೇ ಆಗಿರದೆ, ಇಂಗ್ಲೆಂಡಿನ ಚರ್ಚನ್ನು ಶುದ್ಧಗೊಳಿಸಬೇಕೆಂಬ ಹಟದಿಂದ ಕಡಲು ದಾಟಿ ಬಂದ ಪ್ಯೂರಿಟನ್ ಪಂಥದವರು ಊರಿಗೆಲ್ಲ ಕಲಿಸಲು ಬಯಸಿದ ಪಾಠವೂ ಆಗಿತ್ತು. ಗಲ್ಲಿಗೇರುವ ಮುನ್ನ ಅಪರಾಧಿಯನ್ನು ಚರ್ಚಿನಲ್ಲಿ ಕೂರಿಸಿ, ಅವನನ್ನೇ ಉದ್ದೇಶಿಸಿ ಪಾದ್ರಿಯು ಮಾಡುತ್ತಿದ್ದ ದೀರ್ಘ ಧರ್ಮೋಪದೇಶವು ಅನಂತರ ಮುದ್ರಣಗೊಂಡು ಮಾರಾಟವಾಗುತ್ತಿತ್ತು. 1686ರಲ್ಲಿ ಕೊಲೆಗಾರ ಜೇಮ್ಸ್ ಮಾರ್ಗನ್‌ನ ಸಂದರ್ಭದಲ್ಲಂತೂ ಪಾದ್ರಿ ಇನ್‌ಕ್ರೀಸ್ ಮ್ಯಾದರ್, ಅವನಂತೆಯೇ ಪಾದ್ರಿಯಾಗಿದ್ದ ಅವನ ಮಗ ಕಾಟನ್ ಮ್ಯಾದರ್ ಇಬ್ಬರೂ ಉಪದೇಶ ನೀಡಿದರು.

ಆದರೆ ಪಾಠವು ಕಲಿಸುವವರ ಇಚ್ಛೆಯಂತೆಯೇ ನಡೆಯುತ್ತಿರಲಿಲ್ಲ. ಪುರೋಹಿತರ ಹಂಗಿಲ್ಲದೆ ಪ್ರತಿಯೊಬ್ಬರಲ್ಲೂ ದೈವೀ ಬೆಳಕಿದೆಯೆಂದು ನಂಬಿದ ಕ್ವೇಕರ್ ಪಂಥದವರು ಗಡೀಪಾರಾದ ಮೇಲೂ ಮರಳಿದರೆ ಅವರಿಗೆ ಮರಣವೇ ಶಿಕ್ಷೆಯೆಂದು 1658ರಲ್ಲಿ ಕಾನೂನಾಯಿತು. ಮರುವರ್ಷ ಹೀಗೆ ಮರಳಿದ ಮೇರಿ ಡೈಯರ್ ಎಂಬ ಕ್ವೇಕರ್ ಮಹಿಳೆಯ ಇಬ್ಬರು ಸಂಗಾತಿಗಳನ್ನು ನೇಣಿಗೇರಿಸಿ, ಆಕೆಯನ್ನು ಗಲ್ಲುಗಂಬದ ಬಳಿಯಿಂದಲೇ ಬಿಟ್ಟು ಕಳುಹಿಸಿದರೂ, ಆಕೆ ಮತ್ತೆ ಬಂದು 1660ರ ಜೂನ್ 1ರಂದು ಪ್ರಾಣ ತೆತ್ತಳು. ಅಂದು ಆಕೆಯನ್ನು ಕೊಂದ ಊರಿನ ಶಾಸನಭವನದ ಮುಂದೆ ಇಂದು ಆಕೆಯ ಪ್ರತಿಮೆಯಿದೆ. 1726ರಲ್ಲಿ ಗಲ್ಲಿಗೇರಿದ ಕಡಲುಗಳ್ಳ ವಿಲಿಯಂ ಫ್ಲೈ ಪಶ್ಚಾತ್ತಾಪದ ಮಾತನ್ನೇ ಆಡದೆ, ಕಸುಬು ಬಾರದವನೆಂದು ನೇಣುಗಾರನನ್ನು ಜರೆದು, ಕುಣಿಕೆಯನ್ನು ತಾನೇ ಸರಿಪಡಿಸಿಕೊಂಡನಂತೆ. ಅವನನ್ನು ಪಶ್ಚಾತ್ತಾಪಕ್ಕೆ ತರಲು ಕಾಟನ್ ಮ್ಯಾದರ್ ಪಟ್ಟ ಶ್ರಮ ವ್ಯರ್ಥವಾಯಿತೆನ್ನಬೇಕು. ಫ್ಲೈನ ಶವವನ್ನು ನಾವಿಕರಿಗೆ ಎಚ್ಚರಿಕೆಯಾಗಲೆಂದು ಬಂದರಿನ ನಿಕ್ಸಸ್ ಮೇಟ್ ದ್ವೀಪದಲ್ಲಿ ಸರಪಳಿಯಲ್ಲಿ ತೂಗುಹಾಕಲಾಯಿತು.

19ನೆಯ ಶತಮಾನದ ವೇಳೆಗೆ, ಜನಜಂಗುಳಿಯ ಗದ್ದಲವು ಸಭ್ಯರಿಗೆ ಅಸಹ್ಯವೆನಿಸತೊಡಗಿ, 1834ರಲ್ಲಿ ಪೆನ್ಸಿಲ್ವೇನಿಯಾವೂ 1835ರಲ್ಲಿ ಬಾಸ್ಟನ್ ಇರುವ ಮ್ಯಾಸಚೂಸೆಟ್ಸೂ ನೇಣನ್ನು ಸೆರೆಮನೆಯ ಗೋಡೆಗಳ ಒಳಗೆ ಸರಿಸಿದವು. ಕೆಂಟಕಿಯ ಓವೆನ್ಸ್‌ಬರೊದಲ್ಲಿ ಮಾತ್ರ 1936ರಲ್ಲೂ ಸಾವಿರಾರು ಜನ ಬಹಿರಂಗ ನೇಣಿನ ದೃಶ್ಯವನ್ನು ನೋಡಲು ನೆರೆದಿದ್ದರು.